ಕಾಲ ಹರಿಯುತ್ತದೆಯೇ, ಹೆಜ್ಜೆ ಹಾಕುತ್ತದೆಯೇ?

ಪ್ರಶ್ನೆ: ನಾನು ಕೈಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಕೀ ಕೊಡುವ ವಾಚು, ಸೆಲ್ ಹಾಕುವ ವಾಚು ಎರಡರಲ್ಲೂ ಕೈಯಾಡಿಸಿದ್ದೇನೆ. ಈಚೆಗೆ ಪಿಯುಸಿ ಓದುವ ಮೊಮ್ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಕಾಲ ಹೊಳೆಯ ಹಾಗೆ ಹರಿಯುವುದಿಲ್ಲ, ಸಿನಿಮಾ ರೀಲಿನ ಹಾಗೆ ಒಂದೊಂದೇ ಚಿತ್ರವಾಗಿ ಮುಂದೆ ಸರಿಯುತ್ತದೆ, ಒಂದು ಚಿತ್ರದ ಅವಧಿಯೇ ‘ಪ್ಲ್ಯಾಂಕ್ ಕಾಲ’, ವಿಜ್ಞಾನಿಗಳು ಇದನ್ನು ಸಾಬೀತು ಮಾಡಿದ್ದಾರೆ ಎಂದು ಅದರಲ್ಲಿತ್ತು. ಅಂದಿನಿಂದ ಒಂದೇ ಯೋಚನೆ ತಲೆ ಕೊರೆಯುತ್ತಿದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ನಾವು ಇರುತ್ತೇವೆಯೇ, ಇಲ್ಲವೇ? ಬಸದಿಯ ಪ್ರವಚನವೊಂದರಲ್ಲಿ ಒಡೆಯಲಾಗದ ‘ಸಮಯ’ದ ಬಗ್ಗೆ ಕೇಳಿದ ನೆನಪಿದೆ. ನಮ್ಮ ಪೂರ್ವಜರ ‘ತ್ರುಟಿ’ಯೇ ಪ್ಲ್ಯಾಂಕ್ ಕಾಲ ಎಂದು ವಾಟ್ಸ್‌ಆ್ಯಪ್‌ನಲ್ಲೂ ಬಂತು. ಇದೆಲ್ಲ ಎಷ್ಟು ನಿಜ? ಇನ್ನೊಂದು ವಿಷಯ. ಎರಡು ಪ್ಲ್ಯಾಂಕ್ ಕ್ಷಣಗಳ ನಡುವೆ ಮನಸ್ಸನ್ನು ಇಳಿಸಿ ಹಣೆಬರಹ ತಿದ್ದುವ ಶಿಬಿರವೊಂದಕ್ಕೆ ನಮ್ಮ ಬಡಾವಣೆಯವರೊಬ್ಬರು ಹನ್ನೆರಡು ಸಾವಿರ ಕಟ್ಟಿದ್ದಾರೆ, ನನ್ನನ್ನೂ ಕರೆಯುತ್ತಿದ್ದಾರೆ. ಹೋಗಬಹುದೇ?
– ತುಮಕೂರಿನ ಓದುಗರು

ಉತ್ತರ: ಶಿಬಿರದ ವಿಷಯ ಮೊದಲು ಮುಗಿಸಿಬಿಡೋಣ. ಹೋಗಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ. ದುಡ್ಡು ಕಟ್ಟಲು ಕೊನೆಯ ದಿನ ಹತ್ತಿರವಿದ್ದರೆ ಸದ್ಯಕ್ಕೆ ಇಷ್ಟು ಓದಿದರೆ ಸಾಕು.

ಇನ್ನು ನಿಮ್ಮ ತಲೆ ಕೊರೆಯುತ್ತಿರುವ ಪ್ರಶ್ನೆ. ಕಾಲ ತುಂಡು ತುಂಡಾಗಿ ಸಾಗುತ್ತದೆ ಎಂದು ಈವರೆಗೆ ಯಾವ ಪ್ರಯೋಗವೂ ತೋರಿಸಿಲ್ಲ. ‘ಸಾಬೀತಾಗಿದೆ’ ಎಂದು ವಿಡಿಯೊದಲ್ಲಿ ಹೇಳಿದ್ದು ತಪ್ಪು. ಹಾಗಂತ ಕಾಲದಲ್ಲಿ ತುಂಡುಗಳು ಇಲ್ಲವೇ ಇಲ್ಲ ಎಂದೂ ತೀರ್ಮಾನವಾಗಿಲ್ಲ. ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತಲ್ಲ. ಯಾವ ಆಳದವರೆಗೆ ಹುಡುಕಿದ್ದಾರೆ, ಅಲ್ಲಿ ಏನು ಸಿಕ್ಕಿಲ್ಲ, ಯಾವ ಬಗೆಯ ತುಂಡುಗಳಿಗೆ ಇನ್ನೂ ಅವಕಾಶವಿದೆ ಎಂಬುದನ್ನು ಸಾಕಷ್ಟು ಖಚಿತವಾಗಿಯೇ ಹೇಳಬಹುದು.

ನೀವು ವಾಚಿನ ಕೆಲಸ ಬಲ್ಲವರಾದ್ದರಿಂದ ನನಗೆ ಅರ್ಧ ಕೆಲಸ ಕಡಿಮೆ. ಕೀ ಕೊಡುವ ಸಾಧಾರಣ ವಾಚೊಂದರ ಹಿಂಬದಿಯ ಮುಚ್ಚಳ ತೆಗೆದರೆ ಏನು ಕಾಣುತ್ತದೆ ಎಂದು ನೆನಪಿಸಿಕೊಳ್ಳಿ. ಬ್ಯಾಲೆನ್ಸ್ ವೀಲ್ ಎಂಬ ಪುಟ್ಟ ಚಕ್ರ ಹೇರ್‌ಸ್ಪ್ರಿಂಗಿನ ಎಳೆತಕ್ಕೆ ಆಚೆಗೂ ಈಚೆಗೂ ತಿರುಗುತ್ತಿರುತ್ತದೆ. ಆ ಓಲಾಟದಲ್ಲಿ ಎಲ್ಲೂ ಮುರಿತವಿಲ್ಲ. ವೇಗ ಏರುತ್ತದೆ, ಇಳಿಯುತ್ತದೆ, ತುದಿಯಲ್ಲಿ ಸೊನ್ನೆಯಾಗಿ ಮತ್ತೆ ಏರುತ್ತದೆ. ಅದು ನಡುಮಧ್ಯ ಹಾದುಹೋಗುವಾಗ ಮಾತ್ರ ಪ್ಯಾಲೆಟ್ ಫೋರ್ಕ್ ಎಂಬ ಕವಲು ಸನ್ನೆಯನ್ನು ತಟ್ಟುತ್ತದೆ. ಆಗ ಎಸ್ಕೇಪ್ ವೀಲ್ ಎಂಬ ಹಲ್ಲುಚಕ್ರ ತುಸು ಜಾರಿ ಮತ್ತೆ ಸಿಕ್ಕಿಕೊಳ್ಳುತ್ತದೆ. ‘ಟಿಕ್’ ಹುಟ್ಟುವುದು ಅಲ್ಲಿ. ಗಂಟೆಗೆ 18,000 ಹೊಡೆತದ ವಾಚಿನಲ್ಲಿ ಸೆಕೆಂಡಿನ ಮುಳ್ಳು ನಯವಾಗಿ ಸಾಗುವಂತೆ ಕಂಡರೂ ಸೆಕೆಂಡಿಗೆ ಐದು ಸಲ ಹಾರುತ್ತಿರುತ್ತದೆ. ಕ್ವಾರ್ಟ್ಜ್ ವಾಚಿನಲ್ಲಿ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿ ಸೆಕೆಂಡಿಗೊಂದು ಮಿಡಿತಕ್ಕೆ ಇಳಿಸುತ್ತದೆ, ಆ ಮಿಡಿತ ಪುಟ್ಟ ಮೋಟಾರನ್ನು ಒಂದು ಹೆಜ್ಜೆ ತಳ್ಳುತ್ತದೆ. ಇಲ್ಲೂ ಹರಳಿನ ನಡುಕ ಅಖಂಡ, ಲೆಕ್ಕ ಮಾತ್ರ ಹೆಜ್ಜೆಯದ್ದು.

ಜಗತ್ತಿನ ಅತ್ಯಂತ ಕರಾರುವಾಕ್ಕಾದ ಗಡಿಯಾರಗಳದ್ದೂ ಇದೇ ಕತೆ. 1967ರಿಂದ ಒಂದು ಸೆಕೆಂಡು ಎಂದರೆ ಸೀಸಿಯಂ ಪರಮಾಣುವಿಗೆ ಸಂಬಂಧಿಸಿದ ಒಂದು ವಿಕಿರಣದ 9,19,26,31,770 ಕಂಪನಗಳು. ಇಷ್ಟು ದೊಡ್ಡ ಪೂರ್ಣಸಂಖ್ಯೆ ನೋಡಿದ ಕೂಡಲೇ ‘ನೋಡಿ, ಕಾಲಕ್ಕೆ ಹಲ್ಲುಗಳಿವೆ’ ಎನ್ನುವವರಿದ್ದಾರೆ. ಆ ಸಂಖ್ಯೆಯನ್ನು ಹಾಗೆ ಆರಿಸಿಕೊಂಡಿದ್ದು ನಾವು, ಹಳೆಯ ಸೆಕೆಂಡಿನ ಉದ್ದಕ್ಕೆ ಹೊಂದಲಿ ಎಂದು. ಎರಡು ಎಣಿಕೆಗಳ ನಡುವೆಯೂ ಅಲೆ ಇದ್ದೇ ಇರುತ್ತದೆ, ಅರ್ಧ ಅಲೆ, ಕಾಲು ಅಲೆ ಎಲ್ಲಕ್ಕೂ ಅರ್ಥವಿದೆ. ಇಂಥ ಗಡಿಯಾರಗಳ ಜೊತೆ ಕೆಲಸ ಮಾಡುವ ನಮ್ಮಂಥವರು ದಿನವೂ ನೋಡುವ ಒಂದು ಸಂಗತಿ ಹೇಳುತ್ತೇನೆ. ಗಡಿಯಾರದ ಹಿಂಭಾಗದಿಂದ ಸೆಕೆಂಡಿಗೊಂದು ಪಲ್ಸ್ ಹೊರಬರುತ್ತದೆ. ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಅದನ್ನು ಕೊಟ್ಟರೆ ಪರದೆಯ ಮೇಲೆ ಸೆಟೆದು ನಿಂತ ಗೋಡೆಯ ಹಾಗೆ ಕಾಣುತ್ತದೆ: ಇಲ್ಲಿಯವರೆಗೆ ಸೊನ್ನೆ, ಇಲ್ಲಿಂದ ಐದು ವೋಲ್ಟು. ಗುಂಡಿ ತಿರುಗಿಸಿ ಕಾಲದ ಅಳತೆಯನ್ನು ಹಿಗ್ಗಿಸುತ್ತಾ ಹೋದರೆ, ಸೆಕೆಂಡಿನ ನೂರು ಕೋಟಿಯ ಒಂದು ಭಾಗದ ಆಸುಪಾಸಿಗೆ ಬರುವಷ್ಟರಲ್ಲಿ ಗೋಡೆ ವಾಲಿ ಇಳಿಜಾರಾಗಿಬಿಡುತ್ತದೆ. ವೋಲ್ಟೇಜು ಸೊನ್ನೆಯಿಂದ ಐದಕ್ಕೆ ಹಾರಿಲ್ಲ, ಏರಿದೆ. ಯಾವ ‘ಟಿಕ್’ ಅನ್ನು ಹತ್ತಿರದಿಂದ ನೋಡಿದರೂ ಇದೇ ಅನುಭವ.

‘ಕ್ವಾಂಟಮ್ ಎಂದರೆ ಎಲ್ಲವೂ ತುಂಡು’ ಎಂಬುದು ಇನ್ನೊಂದು ದೊಡ್ಡ ತಪ್ಪುಕಲ್ಪನೆ. ಪಿಯುಸಿ ಪುಸ್ತಕವೂ ತನಗೆ ಗೊತ್ತಿಲ್ಲದೆ ಇದಕ್ಕೆ ನೀರೆರೆಯುತ್ತದೆ. ಪರಮಾಣುವಿನಲ್ಲಿ ಕಟ್ಟುಬಿದ್ದ ಎಲೆಕ್ಟ್ರಾನಿನ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ನಿಜ. ಅದೇ ಎಲೆಕ್ಟ್ರಾನು ಬಿಡುಗಡೆಯಾಗಿ ಹೊರಟರೆ ಯಾವ ಶಕ್ತಿಯನ್ನಾದರೂ ಹೊಂದಬಹುದು, ಮೆಟ್ಟಿಲುಗಳಿಲ್ಲ. ಇನ್ನು ಕಾಲದ ಮಟ್ಟಿಗಂತೂ ಶ್ರೋಡಿಂಗರ್ 1926ರಲ್ಲಿ ಬರೆದ ಸಮೀಕರಣದಲ್ಲಿ ಅದು ನುಣ್ಣಗೆ ಹರಿಯುವ ಸಂಖ್ಯೆ. ಸ್ಥಾನ, ಶಕ್ತಿಗಳನ್ನು ಅಳೆಯಬಹುದಾದ ರಾಶಿಗಳೆಂದು ಪರಿಗಣಿಸುವ ಆ ಸಿದ್ಧಾಂತ ಕಾಲವನ್ನು ಹಾಗೆ ನೋಡುವುದೂ ಇಲ್ಲ. ಕಾಲ ಅಲ್ಲಿ ಹಿನ್ನೆಲೆಯಲ್ಲಿ ನಿಂತ ಸಾಕ್ಷಿ, ಅಷ್ಟೇ.

‘ಕ್ವಾಂಟಮ್ ಜಿಗಿತ’ದ ಬಗ್ಗೆಯೂ ಹೀಗೇ. ಎಲೆಕ್ಟ್ರಾನು ಒಂದು ಮೆಟ್ಟಿಲಿನಿಂದ ಮಾಯವಾಗಿ ಮರುಕ್ಷಣ ಇನ್ನೊಂದರಲ್ಲಿ ಪ್ರತ್ಯಕ್ಷವಾಗುತ್ತದೆ ಎಂದು ಬಹುಕಾಲ ಪಾಠ ಹೇಳಿದ್ದೇವೆ. 2019ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಅತಿವಾಹಕ (ವಿದ್ಯುತ್ತಿಗೆ ತಡೆಯೇ ಒಡ್ಡದ) ಸರ್ಕೀಟಿನಲ್ಲಿ ರೂಪಿಸಿದ ಕೃತಕ ಪರಮಾಣುವಿನ ಜಿಗಿತವನ್ನು ಅರ್ಧ ದಾರಿಯಲ್ಲಿ ಹಿಡಿದು, ವಾಪಸು ಕಳಿಸಿ ತೋರಿಸಿತು. ಜಿಗಿತ ಯಾವಾಗ ಶುರುವಾಗುತ್ತದೆ ಎಂಬುದು ಬಹುಮಟ್ಟಿಗೆ ಆಕಸ್ಮಿಕ. ಶುರುವಾದ ಮೇಲೆ ಅದು ಸಾಗುವ ಬಗೆ ಅಖಂಡ. ಕ್ವಾಂಟಮ್ ಹೆಸರು ಹೇಳಿ ಕಾಲವನ್ನು ಕತ್ತರಿಸಲು ಹೊರಡುವವರು ಈ ಪ್ರಯೋಗವನ್ನು ಮರೆತಂತೆ ಕಾಣುತ್ತದೆ.

ಈಗ ಪ್ಲ್ಯಾಂಕ್ ಕಾಲ. ಗೊಂದಲದ ಬೇರು ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ. ಮ್ಯಾಕ್ಸ್ ಪ್ಲ್ಯಾಂಕ್ 1899ರಲ್ಲಿ ಒಂದು ಜಾಣ ಲೆಕ್ಕ ಮಾಡಿದರು. ಬೆಳಕಿನ ವೇಗ, ನ್ಯೂಟನ್ನನ ಗುರುತ್ವ ಸ್ಥಿರಾಂಕ, ಈಗ ಅವರದ್ದೇ ಹೆಸರು ಹೊತ್ತಿರುವ ಸ್ಥಿರಾಂಕ, ಈ ಮೂರನ್ನು ಗುಣಿಸಿ ಭಾಗಿಸಿದರೆ ಉದ್ದ, ತೂಕ, ಕಾಲಗಳಿಗೆ ಮನುಷ್ಯರ ಹಂಗಿಲ್ಲದ ಮಾನಗಳು ಸಿಗುತ್ತವೆ. ಹಾಗೆ ಬರುವ ಕಾಲಮಾನ ಸುಮಾರು 5.39 × 10⁻⁴⁴ ಸೆಕೆಂಡು. ಅವರು ಇದನ್ನು ಅಳೆಯಲಿಲ್ಲ, ‘ಇದಕ್ಕಿಂತ ಚಿಕ್ಕ ಕಾಲ ಇಲ್ಲ’ ಎಂದೂ ಹೇಳಲಿಲ್ಲ. ಅದು ಶುದ್ಧ ಅಂಕಗಣಿತ.

ಹಾಗೆ ಬಂದ ಮಾನವೆಲ್ಲ ಅದರದರ ಜಾತಿಯಲ್ಲಿ ಅತಿ ಚಿಕ್ಕದು ಎನ್ನುವುದಾದರೆ ಪ್ಲ್ಯಾಂಕ್ ತೂಕವನ್ನೂ ಒಮ್ಮೆ ನೋಡಬೇಕಲ್ಲ? ಅದು ಸುಮಾರು 22 ಮೈಕ್ರೊಗ್ರಾಂ. ಕಾಲು ಮಿಲಿಮೀಟರ್ ಅಡ್ಡಗಲದ ಒಂದು ಮರಳಿನ ಕಣ ಅಷ್ಟು ತೂಗುತ್ತದೆ. ಅದಕ್ಕಿಂತ ಹಗುರವಾದದ್ದು ಜಗತ್ತಿನಲ್ಲಿ ಇಲ್ಲವೆಂದು ಯಾರಾದರೂ ಹೇಳಿಯಾರೇ? ಎಲೆಕ್ಟ್ರಾನಿದೆ, ಪ್ರೋಟಾನಿದೆ, ಹಿಟ್ಟಿನ ಧೂಳಿದೆ. ಒಂದೇ ಲೆಕ್ಕದಿಂದ ಹುಟ್ಟಿದ ಮೂರು ಮಾನಗಳಲ್ಲಿ ಒಂದು ‘ಕನಿಷ್ಠ’ ಅಲ್ಲವೆಂದು ಕಣ್ಣಿಗೇ ಕಾಣುವಾಗ ಇನ್ನೊಂದು ಕನಿಷ್ಠವೇ ಆಗಿರಬೇಕೆಂದು ಹಟ ಹಿಡಿಯಲು ಬೇರೆ ಆಧಾರ ಬೇಕು.

ಆಧಾರವೇ ಇಲ್ಲವೆಂದಲ್ಲ, ಸ್ವಲ್ಪ ಇದೆ. ಹೆಚ್ಚು ಹೆಚ್ಚು ಕಿರಿದಾದ ಅವಧಿಯನ್ನು ಗುರುತಿಸಲು ಹೆಚ್ಚು ಹೆಚ್ಚು ಶಕ್ತಿ ಬೇಕು, ಕ್ವಾಂಟಮ್ ನಿಯಮ ಅದು. ಒಂದು ಸಣ್ಣ ಜಾಗದಲ್ಲಿ ಅತಿ ಹೆಚ್ಚು ಶಕ್ತಿ ತುಂಬಿದರೆ ಅದು ಕುಸಿದು ಕಪ್ಪುಕುಳಿಯಾಗುತ್ತದೆ, ಐನ್‌ಸ್ಟೈನರ ಗುರುತ್ವ ನಿಯಮ ಅದು. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಸರಿಸುಮಾರು ಪ್ಲ್ಯಾಂಕ್ ಕಾಲದ ಹತ್ತಿರ. ಅಲ್ಲಿಂದ ಕೆಳಗೆ ಅಳೆಯಲು ಹೋದರೆ ಅಳೆಯುವ ಉಪಕರಣವೇ ಕಪ್ಪುಕುಳಿಯೊಳಗೆ ಬೀಳುತ್ತದೆ. ನಮ್ಮ ಎರಡು ದೊಡ್ಡ ಸಿದ್ಧಾಂತಗಳೂ ಅಲ್ಲಿ ಕೈಚೆಲ್ಲುತ್ತವೆ. ಅಳೆಯಲಾಗದ್ದು ಇರಲಾರದು ಎಂದು ಇದರಿಂದ ಹೇಳಬಹುದೇ? ಕೆಲವು ಭೌತವಿಜ್ಞಾನಿಗಳು ಹೇಳುತ್ತಾರೆ, ಕೆಲವರು ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಪ್ಲ್ಯಾಂಕ್ ಕಾಲ ಎಂಬುದು ನಮ್ಮ ನಕಾಶೆ ಮುಗಿಯುವ ಜಾಗ. ನೆಲವೂ ಅಲ್ಲೇ ಮುಗಿಯುತ್ತದೆಯೋ ಇಲ್ಲವೋ ನಕಾಶೆ ಹೇಳಲಾರದು.

ಅಲ್ಲಿಗೆ ನಾವು ಎಷ್ಟು ಹತ್ತಿರ ಹೋಗಿದ್ದೇವೆ? ಪರಮಾಣುವಿನೊಳಗೆ ಎಲೆಕ್ಟ್ರಾನುಗಳ ಚಲನೆ ನೋಡಲು ಬೇಕಾದ ಆಟೊಸೆಕೆಂಡ್ ಬೆಳಕಿನ ಮಿಡಿತಗಳಿಗಾಗಿ 2023ರ ಭೌತವಿಜ್ಞಾನ ನೊಬೆಲ್ ಬಂತು. ಪಿಯರ್ ಆಗೊಸ್ಟಿನಿ, ಫೆರೆಂಕ್ ಕ್ರೌಸ್, ಆನ್ ಲುಯಿಲ್ಯೆ ಹಂಚಿಕೊಂಡರು. ಆಟೊಸೆಕೆಂಡ್ ಎಂದರೆ 10⁻¹⁸ ಸೆಕೆಂಡು. ಅದಕ್ಕೂ ಮೊದಲು, 2020ರಲ್ಲಿ, ಫ್ರಾಂಕ್‌ಫರ್ಟ್‌ನ ಗಯಟೆ ವಿಶ್ವವಿದ್ಯಾಲಯದ ತಂಡ ಬೆಳಕು ಹೈಡ್ರೋಜನ್ ಅಣುವಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ತೆಗೆದುಕೊಳ್ಳುವ ಅವಧಿಯನ್ನು ಲೆಕ್ಕ ಹಾಕಿ ತೋರಿಸಿತ್ತು: 247 ಝೆಪ್ಟೊಸೆಕೆಂಡು, ಅಂದರೆ 2.47 × 10⁻¹⁹ ಸೆಕೆಂಡು. ಅಷ್ಟು ಕಿರಿದಾದ ಅವಧಿಯಲ್ಲೂ ಎಷ್ಟು ಪ್ಲ್ಯಾಂಕ್ ಕಾಲಗಳು ಹಿಡಿಯುತ್ತವೆ ಗೊತ್ತೇ? ವಿಶ್ವ ಹುಟ್ಟಿದ 1,380 ಕೋಟಿ ವರ್ಷಗಳಲ್ಲಿ ಎಷ್ಟು ಸೆಕೆಂಡು ಕಳೆದಿವೆಯೋ ಅದರ ಸುಮಾರು ಒಂದು ಕೋಟಿ ಪಟ್ಟು. ನೇರವಾಗಿ ನೋಡಿ ‘ಸಾಬೀತು’ ಮಾಡುವ ಮಾತು ಇಷ್ಟು ದೂರದಲ್ಲಿದೆ.

ಹಾಗಾದರೆ ಪರೋಕ್ಷವಾಗಿ? ಅಲ್ಲಿ ಒಳ್ಳೆಯ ಕೆಲಸ ನಡೆದಿದೆ. ದೇಶ-ಕಾಲಕ್ಕೆ (ಸ್ಥಳ, ಕಾಲ ಎರಡೂ ಸೇರಿದ ಹಂದರಕ್ಕೆ) ಜಾಲರಿಯಂಥ ಹೆಣಿಗೆ ಇದ್ದರೆ, ಹೆಚ್ಚು ಶಕ್ತಿಯ ಬೆಳಕಿಗೆ ಆ ಜಾಲರಿ ಕೂದಲೆಳೆಯಷ್ಟಾದರೂ ತೊಡಕಾಗಬೇಕು, ಅದು ಕಡಿಮೆ ಶಕ್ತಿಯ ಬೆಳಕಿಗಿಂತ ತುಸು ಹಿಂದೆ ಬೀಳಬೇಕು ಎಂಬುದು ಒಂದು ಸರಳ ಊಹೆ. ಈ ವ್ಯತ್ಯಾಸ ಪ್ರಯೋಗಾಲಯದಲ್ಲಿ ಕಾಣದು, ಆದರೆ ನೂರಾರು ಕೋಟಿ ವರ್ಷ ಓಡಿದರೆ ಕೂಡುತ್ತಾ ಕೂಡುತ್ತಾ ಕಾಣಿಸಬೇಕು. 2009ರ ಮೇ 10ರಂದು ಫರ್ಮಿ ಬಾಹ್ಯಾಕಾಶ ದೂರದರ್ಶಕ ಗಾಮಾ ಕಿರಣಗಳ ಒಂದು ಸ್ಫೋಟವನ್ನು ಕಂಡಿತು. ಆ ಬೆಳಕು ಇಲ್ಲಿಗೆ ಬರಲು 700 ಕೋಟಿಗೂ ಹೆಚ್ಚು ವರ್ಷ ಓಡಿತ್ತು. ಅದರಲ್ಲಿದ್ದ ಭಾರೀ ಶಕ್ತಿಯ ಒಂದು ಬೆಳಕಿನ ಕಣ, ಸುಮಾರು 31 ಶತಕೋಟಿ ಎಲೆಕ್ಟ್ರಾನ್‌ವೋಲ್ಟಿನದ್ದು, ಸ್ಫೋಟ ಶುರುವಾದ ಒಂದು ಸೆಕೆಂಡಿನೊಳಗೆ ಉಳಿದವುಗಳ ಜೊತೆಗೇ ಬಂದು ತಲುಪಿತು. ಅಷ್ಟು ದೂರದ ಓಟದಲ್ಲಿ ಒಂದು ಸೆಕೆಂಡೂ ಹಿಂದೆ ಬೀಳಲಿಲ್ಲ. ಪ್ಲ್ಯಾಂಕ್ ಅಳತೆಯ ಸೀದಾಸಾದಾ ಜಾಲರಿಯ ಕಲ್ಪನೆಗೆ ಅಂದೇ ದೊಡ್ಡ ಪೆಟ್ಟು ಬಿತ್ತು.

ಇನ್ನೊಂದು ಲೆಕ್ಕ 2020ರದ್ದು, ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಮಾರ್ಟಿನ್ ಬೋಯೊವಾಲ್ಡ್ ಮತ್ತು ಸಂಗಡಿಗರದ್ದು. ವಿಶ್ವದ ತಳದಲ್ಲಿ ಒಂದು ಮೂಲ ಲೋಲಕ ಮಿಡಿಯುತ್ತಿದ್ದು ಎಲ್ಲ ವಸ್ತುಗಳೂ ಅದಕ್ಕೆ ಹೊಂದಿಕೊಂಡು ನಡೆಯುತ್ತಿವೆ ಎಂದುಕೊಳ್ಳಿ. ಆ ಮಿಡಿತ ತೀರಾ ಒರಟಾಗಿದ್ದರೆ ನಮ್ಮ ಪರಮಾಣು ಗಡಿಯಾರಗಳು ಈಗ ತೋರಿಸುವಷ್ಟು ಒಂದಕ್ಕೊಂದು ಹೊಂದಿಕೆಯಾಗಿ ನಡೆಯಲು ಆಗುತ್ತಿರಲಿಲ್ಲ. ಗಡಿಯಾರಗಳ ಕರಾರುವಾಕ್ಕನ್ನು ಇಟ್ಟುಕೊಂಡು ಅವರು ಕಟ್ಟಿದ ಮಿತಿ 10⁻³³ ಸೆಕೆಂಡು. ಅಂಥ ಮಿಡಿತ ಇದ್ದರೂ ಅದಕ್ಕಿಂತ ಕಿರಿದಾಗಿಯೇ ಇರಬೇಕು. ಅಲ್ಲಿಂದ ಪ್ಲ್ಯಾಂಕ್ ಕಾಲಕ್ಕೆ ಇನ್ನೂ ಹತ್ತು ದಶಮಾಂಶ ಸ್ಥಾನಗಳ ಕಂದಕ.

ಇಷ್ಟು ತಿಳಿದ ಮೇಲೆ ನಮ್ಮ ಮುಂದಿರುವ ದಾರಿಗಳು ಯಾವುವು, ಯಾವುದಕ್ಕೆ ಏನು ಬೆಲೆ ತೆರಬೇಕು ಎಂದು ನೋಡಬಹುದು. ಯಾವುದೂ ಪುಕ್ಕಟೆಯಲ್ಲ.

ಕಾಲ ಅಖಂಡ ಎಂದುಕೊಂಡರೆ ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಚಿಂತಕ ಝೀನೊ ಎದುರು ನಿಲ್ಲುತ್ತಾನೆ. ಹಾರುವ ಬಾಣ ಪ್ರತಿ ಕ್ಷಣದಲ್ಲೂ ಒಂದು ಜಾಗದಲ್ಲಿ ಇದೆ, ಇದ್ದಲ್ಲೇ ಇರುವುದು ಚಲಿಸುತ್ತಿಲ್ಲ, ಹಾಗಾದರೆ ಬಾಣ ಹಾರುವುದು ಯಾವಾಗ ಎಂಬುದು ಅವನ ತಕರಾರು. ಇದಕ್ಕೆ ಗಣಿತದ ಉತ್ತರ ಸಿಕ್ಕಿದೆ: ವೇಗ ಒಂಟಿ ಕ್ಷಣದ ಗುಣವಲ್ಲ, ಆ ಕ್ಷಣದ ಅಕ್ಕಪಕ್ಕವನ್ನೂ ಸೇರಿಸಿ ಹೇಳುವ ಮಾತು. ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹಗಳ ‘ತಾತ್ಕಾಲಿಕ ಗತಿ’ ಎಂದು ಲೆಕ್ಕ ಹಾಕಿದ್ದು ಈ ದಾರಿಯಲ್ಲೇ. ಆದರೆ ಅಖಂಡ ಕಾಲದ ನಿಜವಾದ ಕಷ್ಟ ಬೇರೆ ಕಡೆ ಇದೆ. ಕಪ್ಪುಕುಳಿಯ ನಡುವಿಗೋ ವಿಶ್ವದ ಆರಂಭಕ್ಕೋ ಐನ್‌ಸ್ಟೈನರ ಸಮೀಕರಣಗಳನ್ನು ಒಯ್ದರೆ ಸಾಂದ್ರತೆ ಅನಂತವಾಗಿಬಿಡುತ್ತದೆ. ಎಷ್ಟು ಬೇಕಾದರೂ ಕಿರಿದುಗೊಳಿಸುತ್ತಾ ಹೋಗಬಹುದು ಎಂದು ಒಪ್ಪಿಕೊಂಡದ್ದೇ ಇಂಥ ಅನಂತಗಳಿಗೆ ದಾರಿ ಎಂದು ಅನೇಕರ ಗುಮಾನಿ. ಕಾಲವನ್ನು ತುಂಡು ಮಾಡಬೇಕೆಂಬ ಆಸೆ ಹುಟ್ಟಿದ್ದು ಇಲ್ಲಿ, ಯಾರದೋ ಮೋಜಿಗಾಗಿ ಅಲ್ಲ.

ಸರಿ, ತುಂಡು ಎಂದೇ ಇಟ್ಟುಕೊಳ್ಳೋಣ. ಆಗಲೂ ಝೀನೊ ಬಿಡುವುದಿಲ್ಲ. ಅವನ ಇನ್ನೊಂದು ಒಗಟು ಅಷ್ಟು ಪ್ರಸಿದ್ಧವಲ್ಲ, ಆದರೆ ನನಗೆ ಬಾಣಕ್ಕಿಂತ ಇದೇ ಇಷ್ಟ. ಮೂರು ಸಾಲು ಜನ ಒಂದರ ಮುಂದೊಂದು ನಿಂತಿದ್ದಾರೆ ಎನ್ನಿ. ನಡುವಿನ ಸಾಲು ಅಲುಗದು. ಮೇಲಿನ ಸಾಲು ಪ್ರತಿ ‘ಟಿಕ್’ಗೆ ಬಲಕ್ಕೆ ಒಂದು ಜಾಗ, ಕೆಳಗಿನ ಸಾಲು ಎಡಕ್ಕೆ ಒಂದು ಜಾಗ ಸರಿಯುತ್ತದೆ. ಒಂದು ಟಿಕ್ ಆದ ಮೇಲೆ ಮೇಲಿನ ಸಾಲಿನವನು ಕೆಳಗಿನ ಸಾಲಿನ ಇಬ್ಬರನ್ನು ದಾಟಿರುತ್ತಾನೆ. ಮೊದಲನೆಯವನ ಎದುರು ಅವನು ನಿಂತದ್ದು ಯಾವಾಗ? ಅರ್ಧ ಟಿಕ್‌ನಲ್ಲಿ ಎನ್ನಬೇಕು, ಆದರೆ ಅರ್ಧ ಟಿಕ್ ಎಂಬುದೇ ಇಲ್ಲವಲ್ಲ. ಎದುರು ನಿಲ್ಲದೆಯೇ ದಾಟಿದ ಎಂದು ಒಪ್ಪಿಕೊಂಡರೆ ಒಗಟು ಬಿಡಿಸಿದಂತೆ, ಆದರೆ ಚಲನೆ ಎಂಬ ಕಲ್ಪನೆಯನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ.

ನೀವು ಪ್ರವಚನದಲ್ಲಿ ಕೇಳಿದ ಜೈನ ವಿಚಾರಕ್ಕೆ ಇಲ್ಲೇ ಬರುತ್ತೇನೆ, ಯಾಕೆಂದರೆ ಅವರೂ ಇದೇ ಇಕ್ಕಟ್ಟಿಗೆ ಮುಖಾಮುಖಿಯಾದವರು. ಆಚಾರ್ಯ ನೇಮಿಚಂದ್ರರ ‘ದ್ರವ್ಯಸಂಗ್ರಹ’ದಲ್ಲಿ ಲೋಕಾಕಾಶದ (ಲೋಕ ಹರಡಿರುವಷ್ಟು ಆಕಾಶದ) ಒಂದೊಂದು ಪ್ರದೇಶದಲ್ಲೂ, ಅಂದರೆ ಇನ್ನು ಒಡೆಯಲಾಗದಷ್ಟು ಸಣ್ಣ ಜಾಗದಲ್ಲೂ, ಒಂದೊಂದು ಕಾಲಾಣು (ಕಾಲದ ಕಣ) ರತ್ನಗಳ ರಾಶಿಯಂತೆ ಬೇರೆ ಬೇರೆಯಾಗಿಯೇ ನೆಲೆಸಿದೆ ಎಂಬ ಗಾಹೆ (ಪ್ರಾಕೃತ ಪದ್ಯ) ಇದೆ. ಪರಂಪರೆ ಇವರನ್ನು ಚಾವುಂಡರಾಯನ ಗುರುಗಳಾದ ನೇಮಿಚಂದ್ರರೆಂದೇ ಗುರುತಿಸುತ್ತದೆ. ‘ಸಮಯ’ ಎಂದರೆ ಒಂದು ಪರಮಾಣು ಮಂದಗತಿಯಲ್ಲಿ ಒಂದು ಪ್ರದೇಶದಿಂದ ಪಕ್ಕದ ಪ್ರದೇಶಕ್ಕೆ ಸರಿಯಲು ಬೇಕಾದ ಅವಧಿ. ಅದಕ್ಕೆ ಭಾಗಗಳಿಲ್ಲ. ಆದರೆ ಶೀಘ್ರಗತಿಯ ಪರಮಾಣು ಒಂದೇ ಸಮಯದಲ್ಲಿ ಲೋಕದ ಒಂದು ತುದಿಯಿಂದ ಇನ್ನೊಂದು ತುದಿಗೆ, ಹದಿನಾಲ್ಕು ರಜ್ಜು (ಜೈನರ ಅತಿ ದೊಡ್ಡ ದೂರಮಾನ) ದೂರವನ್ನು, ಕ್ರಮಿಸಬಲ್ಲದು ಎಂದೂ ಆ ಶಾಸ್ತ್ರ ಹೇಳುತ್ತದೆ. ಹಾಗಾದರೆ ದಾಟಿದ ಒಂದೊಂದು ಪ್ರದೇಶಕ್ಕೂ ಸಮಯದ ಒಂದೊಂದು ಚೂರು ಆಗಬೇಕಲ್ಲ ಎಂಬ ಪ್ರಶ್ನೆ ಬರುತ್ತದೆ. ವ್ಯಾಖ್ಯಾನಕಾರರು ಅದನ್ನು ನುಣುಚಿಕೊಳ್ಳದೆ ಎತ್ತಿಕೊಂಡು, ಅದು ಗತಿಯ ವಿಶೇಷವೇ ಹೊರತು ಸಮಯ ಒಡೆಯುವುದಿಲ್ಲ ಎಂದು ಉತ್ತರ ಹೇಳಿದ್ದಾರೆ. ಉತ್ತರ ನಿಮಗೆ ಒಪ್ಪಿಗೆಯಾಗಲಿ ಬಿಡಲಿ, ಪ್ರಶ್ನೆ ಎಷ್ಟು ಮೊನಚಾಗಿದೆ ನೋಡಿ.

ಇದು ತರ್ಕದ ಸಾಹಸ, ಅಳತೆಯಲ್ಲ. ‘ನಮ್ಮ ಪೂರ್ವಜರು ಹೇಳಿದ್ದರು’ ಎಂಬ ವಾಟ್ಸ್‌ಆ್ಯಪ್ ಮಾತಿನಲ್ಲಿ ಈ ವ್ಯತ್ಯಾಸ ಮಾಯವಾಗುತ್ತದೆ. ಮೇಲಾಗಿ ಪೂರ್ವಜರೆಲ್ಲ ಒಂದೇ ಮಾತು ಹೇಳಿರಲಿಲ್ಲ. ಜೈನರು, ಬೌದ್ಧರು ಒಡೆಯದ ಕ್ಷಣಗಳನ್ನು ಒಪ್ಪಿದರೆ, ವೈಶೇಷಿಕ ದರ್ಶನದವರು ಕಾಲ ಒಂದೇ, ಅಖಂಡ, ಎಲ್ಲೆಡೆ ವ್ಯಾಪಿಸಿದ್ದು, ಕ್ಷಣ-ಗಂಟೆಗಳೆಲ್ಲ ಸೂರ್ಯಾದಿಗಳ ಚಲನೆಯಿಂದ ನಾವು ಆರೋಪಿಸಿದ್ದು ಎಂದರು. ಇನ್ನು ತ್ರುಟಿ: ಭಾಸ್ಕರಾಚಾರ್ಯರ ಲೆಕ್ಕದಂತೆ ಅದು ಒಂದು ಸೆಕೆಂಡಿನ 33,750ರಲ್ಲಿ ಒಂದು ಭಾಗ, ಅಂದರೆ ಸುಮಾರು 30 ಮೈಕ್ರೊಸೆಕೆಂಡು. ಪ್ಲ್ಯಾಂಕ್ ಕಾಲಕ್ಕೆ ಹೋಲಿಸಿದರೆ ಇದು 5ರ ಮುಂದೆ 38 ಸೊನ್ನೆ ಹಾಕಿದಷ್ಟು ಪಟ್ಟು ದೊಡ್ಡದು. ಬರಿಗಣ್ಣಿನಿಂದ ಆಕಾಶ ನೋಡುವ ಕಾಲದಲ್ಲಿ ಅಷ್ಟು ಸಣ್ಣ ಮಾನವನ್ನು ಕಲ್ಪಿಸಿಕೊಂಡದ್ದೇ ಹೆಚ್ಚುಗಾರಿಕೆ, ಅದಕ್ಕೆ ಪ್ಲ್ಯಾಂಕರ ಪ್ರಮಾಣಪತ್ರ ಬೇಕಿಲ್ಲ.

ತುಂಡು ಕಾಲದ ಇನ್ನೊಂದು ತೊಡಕು ಝೀನೊನದಕ್ಕಿಂತ ಗಟ್ಟಿ. ವಿಡಿಯೊದಲ್ಲಿ ಹೇಳಿದಂತೆ ಇಡೀ ವಿಶ್ವಕ್ಕೆ ಒಂದೇ ರೀಲು ಓಡುತ್ತಿದೆ ಎನ್ನಿ. ಆ ರೀಲು ಯಾರ ಗಡಿಯಾರದ ಪ್ರಕಾರ ಓಡಬೇಕು? ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ಅದನ್ನು ಸರಿದೂಗಿಸದಿದ್ದರೆ ನಿಮ್ಮ ಮೊಬೈಲಿನ ನಕಾಶೆ ದಿನ ಕಳೆಯುವಷ್ಟರಲ್ಲಿ ಕಿಲೋಮೀಟರುಗಟ್ಟಲೆ ತಪ್ಪು ತೋರಿಸುತ್ತದೆ. ಅಷ್ಟು ದೂರ ಯಾಕೆ, 2022ರಲ್ಲಿ ಅಮೆರಿಕದ ಜೈಲಾ ಸಂಸ್ಥೆಯವರು ಒಂದೇ ಒಂದು ಮಿಲಿಮೀಟರ್ ಎತ್ತರದ ಸ್ಟ್ರಾನ್ಷಿಯಂ ಪರಮಾಣುಗಳ ಗುಂಪಿನಲ್ಲೂ ಮೇಲಿನವುಗಳ ಕಾಲ ಕೆಳಗಿನವುಗಳಿಗಿಂತ ವೇಗವಾಗಿ ಸಾಗುವುದನ್ನು ಅಳೆದರು. ನಿಮ್ಮ ತಲೆಯ ಕಾಲವೇ ಕಾಲಿನ ಕಾಲಕ್ಕಿಂತ ಬೇರೆ. ಹೀಗಿರುವಾಗ ಎಲ್ಲರಿಗೂ ಸೇರಿ ‘ಈಗಿನ ಚಿತ್ರ’ ಎಂಬುದೊಂದು ಇರಬೇಕಾದರೆ, ಎಲ್ಲರಿಗೂ ಒಂದೇ ‘ಈಗ’ ಇಲ್ಲ ಎನ್ನುವ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಎಲ್ಲೋ ಒಂದು ಕಡೆ ಮುರಿಯಬೇಕು. ಅದು ಮುರಿದ ಗುರುತು ಈವರೆಗೆ ಎಲ್ಲೂ ಸಿಕ್ಕಿಲ್ಲ. ಆದ್ದರಿಂದ ಸಿನಿಮಾ ರೀಲಿನ ಮಾದರಿ ನನ್ನ ಲೆಕ್ಕದಲ್ಲಿ ಹೆಚ್ಚುಕಡಿಮೆ ಬಿದ್ದುಹೋದಂತೆಯೇ.

ತುಂಡುಗಳನ್ನು ಇಟ್ಟುಕೊಂಡೂ ಸಾಪೇಕ್ಷತೆಯನ್ನು ಕಾಪಾಡುವ ಜಾಣ ಪ್ರಯತ್ನವೊಂದು ಇದೆ, ಅದಕ್ಕೆ ನಮ್ಮ ಬೆಂಗಳೂರಿನ ನಂಟೂ ಇದೆ. 1987ರಲ್ಲಿ ಭೌತವಿಜ್ಞಾನಿ ರಫಾಯೆಲ್ ಸಾರ್ಕಿನ್ ಮತ್ತು ಸಂಗಡಿಗರು ‘ಕಾಸಲ್ ಸೆಟ್’ ಎಂಬ ವಿಚಾರವನ್ನು ಮುಂದಿಟ್ಟರು. ಅದರಂತೆ ದೇಶ-ಕಾಲ ಎಂಬುದು ಕಾಗದದ ಮೇಲೆ ಚೌಕುಳಿ ಗೀಚಿದ ಹಾಗಲ್ಲ. ಅದು ಅಡ್ಡಾದಿಡ್ಡಿ ಹರಡಿದ ಘಟನೆಗಳ ರಾಶಿ. ಯಾವುದು ಯಾವುದಕ್ಕೆ ಕಾರಣವಾಗಬಲ್ಲದು ಎಂಬ ಹಿಂದು-ಮುಂದಿನ ಸಂಬಂಧವೊಂದೇ ಅವುಗಳನ್ನು ಕಟ್ಟಿಡುತ್ತದೆ. ಹರವು ಅಡ್ಡಾದಿಡ್ಡಿಯಾಗಿರುವುದರಿಂದಲೇ ಯಾವ ದಿಕ್ಕಿನಲ್ಲಿ, ಎಷ್ಟೇ ವೇಗದಲ್ಲಿ ಹೋಗುವವರಿಗೂ ಅದು ಒಂದೇ ಥರ ಕಾಣುತ್ತದೆ, ಯಾರ ಗಡಿಯಾರಕ್ಕೂ ವಿಶೇಷ ಮನ್ನಣೆಯಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸುಮತಿ ಸೂರ್ಯ ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಪರಿಚಿತರು. ಈ ದಾರಿಯ ಬೆಲೆ ಏನೆಂದರೆ, ಇಂಥ ರಾಶಿಗಳಲ್ಲಿ ಬಹುಪಾಲು ನಮ್ಮ ನಾಲ್ಕು ಆಯಾಮದ ಜಗತ್ತಿನಂತೆ ಇರುವುದೇ ಇಲ್ಲ. ನಮ್ಮದರಂಥದ್ದೇ ಯಾಕೆ ಹೊಮ್ಮಬೇಕು ಎಂಬುದನ್ನು ತೋರಿಸಬೇಕು, ಆ ಕೆಲಸ ನಡೆಯುತ್ತಿದೆ.

ಗುರುತ್ವವನ್ನೂ ಕ್ವಾಂಟಮ್ ನಿಯಮಕ್ಕೆ ಒಗ್ಗಿಸಲು ಹೊರಟ ‘ಲೂಪ್ ಗುರುತ್ವ’ ಎಂಬ ಇನ್ನೊಂದು ದಾರಿಯ ಬುನಾದಿ ಭೌತವಿಜ್ಞಾನಿ ಅಭಯ್ ಅಷ್ಟೇಕರ್ ಅವರದ್ದು. ಅಲ್ಲಿ ವಿಸ್ತೀರ್ಣ, ಘನಗಾತ್ರಗಳು ತುಂಡು ತುಂಡಾಗಿ ಬರುತ್ತವೆ. ಕಾಲದ ವಿಷಯ ಅಷ್ಟು ಸಲೀಸಲ್ಲ. 1967ರ ವೀಲರ್-ಡಿವಿಟ್ ಸಮೀಕರಣವಂತೂ ಇಡೀ ವಿಶ್ವವನ್ನು ವಿವರಿಸಲು ಹೊರಟು ಕಾಲವನ್ನೇ ಬಿಟ್ಟುಬಿಟ್ಟಿದೆ, ಅದರಲ್ಲಿ ಕಾಲದ ಚಿಹ್ನೆಯೇ ಇಲ್ಲ. ಆ ಜಾಡಿನಲ್ಲಿ ಹೋದವರ ಪ್ರಕಾರ ಕಾಲ ಮೂಲವಸ್ತುವೇ ಅಲ್ಲ. ಬಿಡಿ ಅಣುವಿಗೆ ಬಿಸಿ-ತಣ್ಣಗೆ ಇಲ್ಲದಿದ್ದರೂ ರಾಶಿಗೆ ಬರುವಂತೆ, ಬಹಳ ಸಂಗತಿಗಳು ಸೇರಿದಾಗ ಹೊಮ್ಮುವ ಗುಣ ಅದು. ಹಾಗಿದ್ದಲ್ಲಿ ಹರಿವೋ ಹೆಜ್ಜೆಯೋ ಎಂಬ ಪ್ರಶ್ನೆಗೇ ತಳದಲ್ಲಿ ಅರ್ಥವಿರುವುದಿಲ್ಲ.

ಈಗ ನಿಮ್ಮ ದಿಗಿಲಿಗೆ ಬರೋಣ: ಎರಡು ಹೆಜ್ಜೆಗಳ ನಡುವೆ ನಾವು ಇರುತ್ತೇವೆಯೇ? ಕಾಲ ನಿಜಕ್ಕೂ ಹೆಜ್ಜೆಯಲ್ಲೇ ಸಾಗುತ್ತದೆ ಎಂದು ವಾದಕ್ಕೆ ಒಪ್ಪಿಕೊಳ್ಳಿ. ಸಿನಿಮಾದಲ್ಲಿ ಎರಡು ಚಿತ್ರಗಳ ನಡುವೆ ಕತ್ತಲೆ ಇರುತ್ತದೆ, ಯಾಕೆಂದರೆ ರೀಲು ಓಡುವಾಗ ಹೊರಗೆ ಥಿಯೇಟರಿನ ಕಾಲ ಓಡುತ್ತಿರುತ್ತದೆ. ವಿಶ್ವಕ್ಕೆ ಅಂಥ ಹೊರಗಿನ ಥಿಯೇಟರಿಲ್ಲ. ‘ನಡುವೆ’ ಎಂದು ಕೇಳಿದ ತಕ್ಷಣ ನೀವು ಇನ್ನೊಂದು, ಇನ್ನೂ ನುಣುಪಾದ ಕಾಲವನ್ನು ಹಿಂದೆ ಇಟ್ಟುಕೊಂಡಿರುತ್ತೀರಿ. ತುಂಡು ಕಾಲವೇ ಕೊನೆಯದು ಎನ್ನುವುದಾದರೆ ನಡುವೆ ಎಂಬುದು ಇಲ್ಲ. 3 ಮತ್ತು 4ರ ನಡುವಿನ ಪೂರ್ಣಸಂಖ್ಯೆಗೆ ಏನಾಯಿತು ಎಂದು ಯಾರೂ ಚಿಂತೆ ಮಾಡುವುದಿಲ್ಲ. ಅಖಂಡ ಕಾಲ ಎನ್ನುವುದಾದರೆ ಬಿರುಕೇ ಇಲ್ಲ. ಹೇಗೆ ನೋಡಿದರೂ ನೀವು ಇಲ್ಲದಿರುವ ಜಾಗ ಸಿಗುವುದಿಲ್ಲ.

ಶಿಬಿರ ನಡೆಸುವವರು ಮಾರುತ್ತಿರುವುದು ಇದೇ ಇಲ್ಲದ ಜಾಗವನ್ನು. ಇನ್ನೊಂದು ಲೆಕ್ಕವೂ ಇದೆ. ನಮ್ಮ ನರಕೋಶದ ಒಂದು ಮಿಡಿತಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಆ ಒಂದು ಮಿಡಿತದಲ್ಲೇ ಸುಮಾರು 2 × 10⁴⁰ ಪ್ಲ್ಯಾಂಕ್ ಕಾಲಗಳು ಕಳೆದಿರುತ್ತವೆ. ಮನಸ್ಸು ಅಂಥ ಎರಡರ ನಡುವೆ ‘ಇಳಿಯುತ್ತದೆ’ ಎನ್ನುವುದಕ್ಕೆ ಭೌತವಿಜ್ಞಾನದಲ್ಲಿ ಜಾಗವಿಲ್ಲ, ನರವಿಜ್ಞಾನದಲ್ಲೂ ಇಲ್ಲ. ಧ್ಯಾನ ಮಾಡಬೇಕೆನಿಸಿದರೆ ಮನೆಯ ಜಗಲಿಯ ಮೇಲೆ ಕೂತು ಮಾಡಿ, ಹನ್ನೆರಡು ಸಾವಿರ ಉಳಿಯುತ್ತದೆ. ನಿಮ್ಮ ನೆರೆಯವರು ಈಗಾಗಲೇ ದುಡ್ಡು ಕಟ್ಟಿದ್ದಾರಲ್ಲ, ಅವರ ಜೊತೆ ಜಗಳ ಬೇಡ. ಆದರೆ ಒಂದು ಮಾತು ಕಿವಿಗೆ ಹಾಕಿ. ಬಿಪಿ, ಸಕ್ಕರೆ ಕಾಯಿಲೆ, ಮಾನಸಿಕ ಕಾಯಿಲೆಗಳ ಔಷಧಿ ನಿಲ್ಲಿಸಿ ಎಂದು ಅಲ್ಲಿ ಯಾರಾದರೂ ಹೇಳಿದರೆ ಆ ಕ್ಷಣವೇ ಎದ್ದು ಬರಲಿ. ದುಡ್ಡು ಹೋದರೆ ಹೋಗಲಿ, ಹಾಳಾಗಬಾರದ್ದು ಆರೋಗ್ಯ.

ಕಾಲ ತುಂಡಾಗಿ ಕಾಣುವುದನ್ನು ನೋಡಲೇಬೇಕು ಎಂದಿದ್ದರೆ ಪುಕ್ಕಟೆ ಪ್ರಯೋಗವೊಂದಿದೆ, ಮೊಮ್ಮಗಳ ಜೊತೆ ಮಾಡಿ. ಸೆಕೆಂಡಿಗೊಮ್ಮೆ ಹಾರುವ ಮುಳ್ಳಿನ ಗೋಡೆ ಗಡಿಯಾರದಿಂದ ದೃಷ್ಟಿಯನ್ನು ಬೇರೆಡೆಗೆ ತಿರುಗಿಸಿ, ಆಮೇಲೆ ಸರಕ್ಕನೆ ಮುಳ್ಳಿನ ಕಡೆ ನೋಡಿ. ಮೊದಲ ಸೆಕೆಂಡು ಉಳಿದವಕ್ಕಿಂತ ಉದ್ದವಾದಂತೆ, ಗಡಿಯಾರ ಒಂದರೆಗಳಿಗೆ ನಿಂತೇಹೋದಂತೆ ಅನಿಸುತ್ತದೆ. ಕೆಲವರಿಗೆ ಮೊದಲ ಸಲವೇ ಕಾಣುತ್ತದೆ, ಕೆಲವರು ನಾಲ್ಕಾರು ಸಲ ಮಾಡಬೇಕು. ಕಣ್ಣು ಹೊರಳುವಾಗ ಕಾಣುವ ಮಸುಕನ್ನು ಮೆದುಳು ಅಳಿಸಿ, ಆ ಖಾಲಿ ಜಾಗವನ್ನು ಆಮೇಲೆ ಕಂಡ ಚಿತ್ರದಿಂದಲೇ ತುಂಬಿಸುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಟ್ಯೂಬ್‌ಲೈಟಿನ ಕೆಳಗೆ ಫ್ಯಾನು ಹಿಮ್ಮುಖ ತಿರುಗಿದಂತೆ ಕಾಣುವುದು ಬೇರೆ ಸಂಗತಿ, ಅದು 50 ಹರ್ಟ್ಸ್ ವಿದ್ಯುತ್ತಿನಿಂದ ದೀಪ ಸೆಕೆಂಡಿಗೆ ನೂರು ಸಲ ಮಿನುಗುವುದರ ಪರಿಣಾಮ. ಎರಡರಲ್ಲೂ ತುಂಡಾಗುವುದು ನಮ್ಮ ನೋಟ, ಕಾಲವಲ್ಲ.

ಮೊಮ್ಮಗಳು ‘ಹಾಗಾದರೆ ಯಾವಾಗ ಗೊತ್ತಾಗುತ್ತದೆ?’ ಎಂದು ಕೇಳಿದರೆ, ಅವಳು ಗಮನಿಸಬೇಕಾದ್ದು ಥೋರಿಯಂ-229ರ ಸುದ್ದಿಯನ್ನು. ಈಗಿನ ಗಡಿಯಾರಗಳು ಎಲೆಕ್ಟ್ರಾನುಗಳನ್ನು ನೆಚ್ಚಿಕೊಂಡಿವೆ. ಥೋರಿಯಂನಲ್ಲಿ ಪರಮಾಣುವಿನ ನಡುವಿನ ಬೀಜವನ್ನೇ (ನ್ಯೂಕ್ಲಿಯಸ್) ಲೇಸರಿನಿಂದ ಮಿಡಿಯಬಹುದು, ಹೊರಗಿನ ಕಾಟ ಅದಕ್ಕೆ ಬಹಳ ಕಡಿಮೆ. 2024ರಲ್ಲಿ ಅದರ ಕಂಪನವನ್ನು ಸೆಕೆಂಡಿಗೆ ಸುಮಾರು 2,020 ಲಕ್ಷ ಕೋಟಿ ಎಂದು ಬಹಳ ನಿಖರವಾಗಿ ಅಳೆದರು. ಅದಿನ್ನೂ ದಿನಬಳಕೆಯ ಗಡಿಯಾರವಾಗಿಲ್ಲ. ಆದಾಗ, ಮೇಲೆ ಹೇಳಿದ 10⁻³³ರ ಮಿತಿ ಇನ್ನಷ್ಟು ಕೆಳಗಿಳಿಯಬಹುದು. ಪ್ಲ್ಯಾಂಕ್ ಕಾಲದವರೆಗೆ ಒಂದೇ ಏಟಿಗೆ ಹೋಗುವುದಿಲ್ಲ. ಒಂದು ದಶಮಾಂಶ ಸ್ಥಾನ ಇಳಿದರೂ ನಮ್ಮ ಪ್ರಯೋಗಾಲಯಗಳಲ್ಲಿ ಅಂದು ಸಿಹಿ ಹಂಚುತ್ತಾರೆ.